ಎದುರಂಗಡಿ

ಹರಿಹರದಲ್ಲಿ ಮಗಳ ಮನೆಗೆ ಹೋದಾಗಲೆಲ್ಲ ಹರಿಹರೇಶ್ವರನ ಗುಡಿಯವರೆಗೆ ನಡೆದು ಬರುವುದು ನನ್ನ ವಾಡಿಕೆ. ಹಾಗೆ ಹೋಗುವ ಬೀದಿಯಲ್ಲಿ ಈಚೆಗೆ ಕೆಲವು ತಿಂಗಳಿಂದ ಒಂದು ಅಂಗಡಿಯ ಬಾಗಿಲು ಹಾಕಿದೆ. ಷಟರಿನ ಮೇಲೆ ಬರೆಸಿದ ಹೆಸರಿನ ಬಣ್ಣ ಇನ್ನೂ ಮಾಸಿಲ್ಲ. ಹೆಸರಿನ ಮುಂದೆ ‘ಸೂಪರ್ ಮಾರ್ಕೆಟ್’ ಎಂದಿದೆ. ಹದಿನೈದಡಿ ಅಗಲದ ಆ ಮಳಿಗೆಗೆ ಈ ಎರಡು ಮಾತು ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದಂತೆ ಕೊಂಚ ಸಡಿಲವಾಗಿಯೇ ಕಾಣುತ್ತವೆ. ಅಂಗಡಿಯನ್ನು ತೆರೆದವನು ನನ್ನ ಸ್ನೇಹಿತರೊಬ್ಬರ ಮಗ. ತಂದೆ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕೂಡಿಟ್ಟ ಹಣವೇ ಅವನ ಬಂಡವಾಳ. ದಾವಣಗೆರೆಯ ದೊಡ್ಡ ಅಂಗಡಿಯೊಂದರಲ್ಲಿ ಐದು ವರ್ಷ ದುಡಿದು ಕಲಿತದ್ದೇ ಅವನ ವಿದ್ಯೆ. ಎರಡೂ ಸೇರಿ ಹದಿನಾಲ್ಕು ತಿಂಗಳು ನಡೆದವು.

“ಪಾಪ, ವ್ಯಾಪಾರ ಕುದುರಲಿಲ್ಲರೀ” ಎಂದರು ಪಕ್ಕದ ಹೂವಿನಂಗಡಿಯವರು. ಮುಚ್ಚಿದ ಅಂಗಡಿಗಳಿಗೆಲ್ಲ ನಾವು ಬರೆಯುವ ಚರಮವಾಕ್ಯ ಇದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆ ಮೇಲೆ ಒಂದು ದಿನ ಬಸ್ ನಿಲ್ದಾಣದಲ್ಲಿ ಆ ಹುಡುಗನೇ ಸಿಕ್ಕಿದ. ಈಗ ದಾವಣಗೆರೆಯ ಒಂದು ದೊಡ್ಡ ಮಳಿಗೆಯ ಗೋದಾಮಿನಲ್ಲಿ ಕೆಲಸಕ್ಕೆ ಹೋಗುತ್ತಾನಂತೆ. ಸಮಾಧಾನ ಹೇಳಲು ಹೊರಟ ನನ್ನನ್ನು ಅವನೇ ತಡೆದ.

“ಗಿರಾಕಿ ಬಂದು ನೋಡಿ, ಬೇಡ ಅಂತ ಹೋಗಿದ್ರೆ ನಂಗೇನೂ ಬೇಜಾರಿರ್ಲಿಲ್ಲ ಕಾಕಾ. ಗಿರಾಕಿ ಬರೋಕೆ ಮುಂಚೇನೆ ಬೇರೆಯವ್ರು ಬೇಡ ಅಂದ್ರು.”

ಅವನು ಹೇಳಿದ್ದು ಮೂರು ಸಂಗತಿ. ಮೊದಲು ಅವನು ನೋಡಿದ್ದು ದೊಡ್ಡ ರಸ್ತೆಯ ಒಂದು ಮಳಿಗೆಯನ್ನು. ಕಟ್ಟಡದ ಯಜಮಾನರು ಬಾಯಿಮಾತಿನಲ್ಲಿ ಒಪ್ಪಿದ್ದರು. ವಾರ ಕಳೆದ ಮೇಲೆ ಆಗುವುದಿಲ್ಲವೆಂದರು. ಅದೇ ಕಟ್ಟಡದಲ್ಲಿದ್ದ ದೊಡ್ಡ ಅಂಗಡಿಯವರ ಬಾಡಿಗೆ ಕರಾರಿನಲ್ಲಿ, ಇಲ್ಲಿ ಇನ್ನೊಂದು ದಿನಸಿ ಅಂಗಡಿಗೆ ಜಾಗ ಕೊಡಕೂಡದೆಂದು ಬರೆದಿತ್ತು. ಹಾಗಾಗಿ ಒಳಬೀದಿಗೆ ಬಂದ. ಎರಡನೆಯದು ಮಾಲು. ಸೋಪು, ಬಿಸ್ಕತ್ತು, ಎಣ್ಣೆಗಳ ಡಿಸ್ಟ್ರಿಬ್ಯೂಟರರೊಬ್ಬರು ಮೊದಲ ಸಲ ಸಂತೋಷದಿಂದ ಕೊಟ್ಟರು. ಎರಡನೆಯ ಸಲ ಫೋನು ಎತ್ತಲಿಲ್ಲ. ಕೊನೆಗೆ ಮುಖ ತಪ್ಪಿಸಿಕೊಂಡು ಹೇಳಿದರಂತೆ: “ನಿನಗೆ ಕೊಟ್ಟರೆ ಹಳೇ ಅಂಗಡಿಯವರು ನನ್ನ ಮಾಲು ತಗೊಳ್ಳೋದಿಲ್ಲ ಅಂತಾರಪ್ಪ, ದೊಡ್ಡ ಅಂಗಡಿಯವರೂ ಹಂಗೇ ಅಂತಾರೆ.” ಮೂರನೆಯದು ಸಕ್ಕರೆ. ಇವನು ಬಾಗಿಲು ತೆರೆದ ತಿಂಗಳು ದೊಡ್ಡ ಅಂಗಡಿಯಲ್ಲಿ ಸಕ್ಕರೆಯ ಬೆಲೆ ಮಂಡಿಯ ಬೆಲೆಗಿಂತ ನಾಲ್ಕು ರೂಪಾಯಿ ಕೆಳಗಿಳಿಯಿತು. ಇವನು ಬಾಗಿಲು ಹಾಕಿದ ತಿಂಗಳು ಅದು ಮತ್ತೆ ಸ್ವಸ್ಥಾನ ಸೇರಿತು.

ಹರಿಹರದ ಸ್ಥಳಪುರಾಣ ಓದುಗರಿಗೆ ಗೊತ್ತಿರಬಹುದು. ಗುಹಾಸುರನಿಗೆ ಹರಿಯೊಬ್ಬನಿಂದಲೂ ಹರನೊಬ್ಬನಿಂದಲೂ ಸಾವಿಲ್ಲವೆಂಬ ವರ. ಅವನನ್ನು ಕೊಲ್ಲುವುದಕ್ಕಾಗಿ ಇಬ್ಬರೂ ಒಂದೇ ದೇಹವಾಗಿ ಬರಬೇಕಾಯಿತು. 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿಯಲ್ಲಿ ಆ ಜೋಡಿಮೂರ್ತಿ ಇಂದಿಗೂ ನಿಂತಿದೆ. ಹಳೆಯ ಕಿರಾಣಿ ವರ್ತಕರಿಗೂ ಹೊಸ ದೊಡ್ಡ ಅಂಗಡಿಯವರಿಗೂ ಹಾವು ಮುಂಗುಸಿಯ ಸಂಬಂಧವೆಂದು ನಾವು ತಿಳಿದಿದ್ದೇವೆ. ಆದರೆ ಇಲ್ಲಿ ಅವರಿಬ್ಬರೂ, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ದೇಹವಾಗಿ ಬಂದರು. ಎದುರಿಗಿದ್ದವನು ಮಾತ್ರ ಅಸುರನಲ್ಲ, ಒಬ್ಬ ಹುಡುಗ.

“ವ್ಯಾಪಾರವೆಂದರೆ ಇಷ್ಟೇ ಸ್ವಾಮಿ, ಗೆದ್ದವನು ಗೆದ್ದ” ಎನ್ನುವವರುಂಟು. ಈ ಮಾತನ್ನು ತಳ್ಳಿಹಾಕಲು ಬರುವುದಿಲ್ಲ. ದಾವಣಗೆರೆ ಕುಸ್ತಿಯ ಊರು. ಗರಡಿಮನೆಯ ಮಣ್ಣು ಮೈಗೆ ಹತ್ತಿದವರಿಗೆಲ್ಲ ಗೊತ್ತು, ಸೋತ ಪೈಲ್ವಾನನು ತೊಡೆಯ ಮಣ್ಣು ಕೊಡವಿಕೊಂಡು ಏಳಬೇಕೇ ಹೊರತು ನ್ಯಾಯ ಕೇಳುವುದಕ್ಕೆ ಹೋಗಬಾರದು. ಗೆದ್ದವನ ತೋಳು ದಪ್ಪವಾಗಿತ್ತು ಎಂಬುದು ದೂರಲ್ಲ. ಆದರೆ ಅಖಾಡದ ಬಾಗಿಲಿಗೆ ಚಿಲಕ ಹಾಕಿ, ಎದುರಾಳಿ ಬರಲಿಲ್ಲವೆಂದು ಸಾರಿ, ಬೆಳ್ಳಿಗದೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಹೋದರೆ? ಆಗ ಸೋತವನ ತೋಳಿನ ಮಾತೇ ಏಳುವುದಿಲ್ಲ. ನಾವು ವಿಚಾರಿಸಬೇಕಾದದ್ದು ಚಿಲಕದ ಮಾತನ್ನು.

ಇದನ್ನು ನಾನು ಯಾವುದೋ ದೊಡ್ಡ ಕಂಪನಿಯ ಮೇಲೆ ಕಲ್ಲೆಸೆಯುವುದಕ್ಕಾಗಿ ಬರೆಯುತ್ತಿಲ್ಲ. ಆ ಚಿಲಕವನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯಲ್ಲಿಯೇ.

ನಮ್ಮ ತಂದೆಯವರದು ದಾವಣಗೆರೆಯ ಮಂಡಿಪೇಟೆಯ ಸಮೀಪದಲ್ಲಿ ಒಂದು ಕಿರಾಣಿ ಅಂಗಡಿ. ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ವಿಭೂತಿ ಹಚ್ಚಿ, ತಕ್ಕಡಿಗೆ ಕೈಮುಗಿದು ಕೂತರೆ, ರಾತ್ರಿ ಹತ್ತರವರೆಗೆ ಅವರು ಒಂದು ತೂಕವನ್ನೂ ತಪ್ಪಿ ತೂಗಿದವರಲ್ಲ. ತೂಗಿದ ಮೇಲೆ ಒಂದು ಚಿಟಿಕೆ ಕೊಸರು ಹಾಕುವುದು ಅವರ ಪದ್ಧತಿ. ಹತ್ತಿಗಿರಣಿಯ ಕಾರ್ಮಿಕರಿಗೆ ಸಂಬಳದ ದಿನದವರೆಗೆ ಉದ್ರಿ; ಖಾತೆಯಲ್ಲಿ ಬರೆದದ್ದಕ್ಕೆ ಯಾರೂ ಎದುರಾಡಿದ ನೆನಪು ನನಗಿಲ್ಲ. 1960ರ ದಶಕದ ಕೊನೆಗೆ, ನಾನು ಐದನೆಯ ತರಗತಿಯಲ್ಲಿದ್ದಾಗ, ಹಡಗಲಿ ಕಡೆಯಿಂದ ಬಂದ ಒಬ್ಬ ತರುಣ ನಮ್ಮ ಎದುರಿಗೇ ಅಂಗಡಿ ಇಟ್ಟ. ಒಂದು ಸಂಜೆ ತಂದೆಯವರು ನನ್ನ ಕೈಗೆ ನಾಲ್ಕಾಣೆ ಕೊಟ್ಟು, ಅಲ್ಲಿಂದ ಬೆಲ್ಲ ತರಲು ಹೇಳಿದರು. ತಂದೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಸುಮ್ಮನಾದರು.

ಮರುದಿನ ಮಂಡಿಯಲ್ಲಿ ನಾನು ಅವರ ಜೊತೆಗಿದ್ದೆ. ಆ ತರುಣನಿಗೂ ನಮಗೂ ಉದ್ರಿಯ ಮೇಲೆ ಮಾಲು ಕೊಡುತ್ತಿದ್ದ ಸಾಹುಕಾರರೊಡನೆ ಅದೂ ಇದೂ ಮಾತಾಡಿ, ಏಳುವಾಗ ತಂದೆಯವರು ಹೇಳಿದರು: “ಆ ಹುಡುಗ ಊರಿಗೆ ಹೊಸಬ. ನೋಡಿಕೊಂಡು ಕೊಡ್ರಿ.”

ಆ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹುಡುಗ ಹೊಸಬನೇ. ನೋಡಿಕೊಂಡು ಕೊಡುವುದು ವಿವೇಕವೇ. ಆದರೆ ಅಂದಿನಿಂದ ಅವನಿಗೆ ಉದ್ರಿ ನಿಂತಿತು. ಗಿರಾಕಿಗಳಿಗೆ ಉದ್ರಿ ಕೊಡಬೇಕು, ತಾನು ಮಾತ್ರ ರೊಕ್ಕ ಎಣಿಸಿ ತರಬೇಕು. ಎಷ್ಟು ದಿನ ನಡೆದೀತು? ದೀಪಾವಳಿಗೆ ಎಲ್ಲ ಅಂಗಡಿಗಳಲ್ಲಿ ಲಕ್ಷ್ಮೀಪೂಜೆಯಾಗುವಾಗ ಎದುರಂಗಡಿಯ ಹಲಗೆಬಾಗಿಲು ಮುಚ್ಚಿತ್ತು. ತಕ್ಕಡಿಯಲ್ಲಿ ಎಂದೂ ಮೋಸ ಮಾಡದವರು ನಮ್ಮ ತಂದೆ. ತಕ್ಕಡಿಯ ಹೊರಗೂ ತೂಕವುಂಟು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ದಾವಣಗೆರೆಯವರಾದ ನಾವು ಹೊಸಬನಿಗೆ ಬಾಗಿಲು ಹಾಕುವುದರಲ್ಲಿ ಒಂದು ವಿಶೇಷ ಕೃತಘ್ನತೆಯಿದೆ. ಈ ಊರು ಒಂದು ಕಾಲಕ್ಕೆ ಬೇತೂರಿನ ಪಕ್ಕದ ಸಣ್ಣ ಹಳ್ಳಿ. ಹೈದರಾಲಿ ಇದನ್ನು ಆಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ಮಾಡಿದ ದೊಡ್ಡ ಕೆಲಸವೆಂದರೆ ವರ್ತಕರನ್ನು ಕರೆದು ಇಲ್ಲಿ ನೆಲೆಗೊಳಿಸಿದ್ದು. ಅವನು ಮಕ್ಕಳಿಲ್ಲದೆ ತೀರಿಕೊಂಡ ಮೇಲೆ ಟಿಪ್ಪು ಆ ಪ್ರೋತ್ಸಾಹವನ್ನು ಮುಂದುವರಿಸಿದ. ಮಲೆನಾಡಿನ ಅಡಿಕೆ, ಮೆಣಸು ಈ ಪೇಟೆಯ ಮೂಲಕ ವಾಲಾಜಾಪೇಟೆಯತ್ತ ಹೋಗತೊಡಗಿದವು. ಇಂದು ಹಳಬರೆಂದು ಮೀಸೆ ತಿರುವುವ ಎಷ್ಟು ಮನೆತನಗಳ ಮೂಲಪುರುಷ ಹೀಗೆ ಮೂಟೆ ಹೊತ್ತು ಬಂದ ಹೊಸಬನೋ! ಅಷ್ಟೇಕೆ, ಊರಿನ ಹೆಸರನ್ನು ನಾಲ್ಕು ರಾಜ್ಯಕ್ಕೆ ಹಬ್ಬಿಸಿದ ಬೆಣ್ಣೆದೋಸೆ ಕೂಡ 1928ರಲ್ಲಿ ಬೆಳಗಾವಿ ಕಡೆಯ ಕುಡಚಿಯಿಂದ ಮಕ್ಕಳನ್ನು ಕರೆದುಕೊಂಡು ಬಂದ ಚೆನ್ನಮ್ಮನೆಂಬ ಹೆಣ್ಣುಮಗಳ ದೋಸೆಯಿಂದ ಶುರುವಾಯಿತೆಂದು ಊರಿನವರು ಹೇಳುತ್ತಾರೆ. ನಾಟಕದ ಥಿಯೇಟರಿನ ಮುಂದೆ ಒಲೆ ಹೂಡಲು ಆಕೆ ಯಾರ ಕರಾರುಪತ್ರವನ್ನೂ ದಾಟಬೇಕಾಗಿರಲಿಲ್ಲ. ದೋಸೆ ರುಚಿಸಿದರೆ ತಿನ್ನುತ್ತಾರೆ, ಇಲ್ಲದಿದ್ದರೆ ಇಲ್ಲ. ಅವಳಿಗೂ ತಿನ್ನುವವರಿಗೂ ನಡುವೆ ಕಾವಲಿಯೊಂದೇ ಇತ್ತು.

ಹಾಗೆಂದು ಹಿಂದೆಲ್ಲ ಬಾಗಿಲು ತೆರೆದೇ ಇತ್ತೆಂದು ಹೇಳಲಾಗದು. ನಮ್ಮ ನಾಡಿನ ಅಯ್ಯಾವೊಳೆ ಐನೂರ್ವರ ಸಂಘ ದಕ್ಷಿಣ ದೇಶವನ್ನೆಲ್ಲ ವ್ಯಾಪಿಸಿತ್ತು. ಕಡಲಾಚೆ ಸುಮಾತ್ರದಲ್ಲಿ ಕೂಡ ಅವರ 1088ರ ಶಾಸನ ದೊರೆತಿದೆ. ಅವರಿಗೆ ಬಣಂಜುಧರ್ಮವೆಂಬ ತಮ್ಮದೇ ಕಟ್ಟಳೆಯಿತ್ತು. ಕಳ್ಳಕಾಕರ ದಾರಿಯಲ್ಲಿ ಸಂಘವಿಲ್ಲದೆ ವ್ಯಾಪಾರವೇ ಇಲ್ಲ. ಆದರೆ ಸಂಘವೆಂಬುದು ಒಳಗಿನವನಿಗೆ ಚಾವಣಿ, ಹೊರಗಿನವನಿಗೆ ಗೋಡೆ. ಕೌಟಿಲ್ಯನಿಗೆ ಇದು ಗೊತ್ತಿತ್ತು. ವರ್ತಕರು ಒಟ್ಟುಗೂಡಿ ಮಾಲನ್ನು ತಡೆಹಿಡಿದರೆ ಅಥವಾ ಬೆಲೆಯೇರಿಸಿದರೆ ಸಾವಿರ ಪಣ ದಂಡವೆಂದು ಅವನು ವಿಧಿಸಿದ್ದಾನೆ. ಇಲ್ಲದ ರೋಗಕ್ಕೆ ಯಾರೂ ಇಷ್ಟು ದೊಡ್ಡ ಮದ್ದು ಅರೆಯುವುದಿಲ್ಲ.

ಹಾಗಾದರೆ ಹೊಸಬನ ದಾರಿಯಲ್ಲಿ ನಿಂತ ಗೋಡೆಗಳೆಲ್ಲ ಅನ್ಯಾಯದವೇ? ಅಲ್ಲವೆಂದು ತೋರುತ್ತದೆ. ಮೂವತ್ತು ವರ್ಷ ಸರಿಯಾಗಿ ತೂಗಿದವನ ಅಂಗಡಿಗೆ ಜನ ಕಣ್ಣುಮುಚ್ಚಿ ಹೋಗುತ್ತಾರೆ. ಹೊಸಬನ ತಕ್ಕಡಿಯ ಮುಳ್ಳನ್ನು ದಿಟ್ಟಿಸಿ ನೋಡುತ್ತಾರೆ. ಅದು ಹಳಬನು ಬೆವರು ಸುರಿಸಿ ಕಟ್ಟಿದ ಗೋಡೆ, ಅವನದೇ ಆಸ್ತಿ. ಒಂದು ಲಾರಿ ಬೇಳೆ ಕೊಳ್ಳುವವನಿಗೆ ಒಂದು ಚೀಲ ಕೊಳ್ಳುವವನಿಗಿಂತ ಅಗ್ಗವಾಗಿ ಸಿಗುತ್ತದೆ; ಒಂದೇ ಸಾಗಾಟ, ಒಂದೇ ಹಮಾಲಿ, ಒಂದೇ ರಸೀತಿ. ಇದು ಲೆಕ್ಕ, ದ್ವೇಷವಲ್ಲ. ಇನ್ನು ಸರಕಾರ ಕಟ್ಟಿದ ಗೋಡೆ: ಆಹಾರ ಸುರಕ್ಷತೆಯ 2006ರ ಕಾಯ್ದೆಯ ಲೈಸೆನ್ಸು, ತೂಕದ ಯಂತ್ರಕ್ಕೆ ಮುದ್ರೆ, ಪುರಸಭೆಯ ಪರವಾನಗಿ, 2017ರಿಂದ ಜಿ.ಎಸ್.ಟಿ. ಲೆಕ್ಕ. ಇವು ನಮ್ಮ ಹೊಟ್ಟೆಯನ್ನೂ ಜೇಬನ್ನೂ ಕಾಯುವುದಕ್ಕೆ ಇರುವಂಥವು. ಆದರೂ ಒಂದು ಮಾತುಂಟು. ಕಾಗದ ಎಲ್ಲರಿಗೂ ಒಂದೇ, ಭಾರ ಒಂದೇ ಅಲ್ಲ. ದೊಡ್ಡ ಅಂಗಡಿಯಲ್ಲಿ ಆ ಕಾಗದಕ್ಕೆಂದೇ ಒಬ್ಬ ಗುಮಾಸ್ತನಿರುತ್ತಾನೆ; ಸಣ್ಣವನು ಕಚೇರಿಯ ಸಾಲಿನಲ್ಲಿ ನಿಂತ ದಿನ ಅವನ ಅಂಗಡಿಗೆ ಬೀಗ.

ಇವೆಲ್ಲ ಕಷ್ಟಗಳು, ಅನ್ಯಾಯಗಳಲ್ಲ. ಅನ್ಯಾಯ ಎಲ್ಲಿ ಹುಟ್ಟುತ್ತದೆಂದರೆ, ಒಬ್ಬ ವರ್ತಕ ತನ್ನ ಕೈಯನ್ನು ಬಲಪಡಿಸಿಕೊಳ್ಳುವುದನ್ನು ಬಿಟ್ಟು ಮೂರನೆಯವನ ಕೈಯನ್ನು ಕಟ್ಟಲು ಹೊರಟಾಗ. ಕಟ್ಟಡದ ಯಜಮಾನನ ಕೈ, ಡಿಸ್ಟ್ರಿಬ್ಯೂಟರನ ಕೈ, ಮಂಡಿಯ ಸಾಹುಕಾರನ ಕೈ. ಒಳ್ಳೆಯ ಮಾಲು ಇಟ್ಟು, ಕಡಿಮೆ ಲಾಭ ಹಿಡಿದು, ನಗುಮುಖದಿಂದ ಮಾತಾಡಿ ನಾನು ಗಿರಾಕಿಯನ್ನು ಸೆಳೆದರೆ ಹೊಸಬನಿಗೆ ಉತ್ತರ ಕೊಡುವ ದಾರಿಯಿದೆ. ಅವನು ಇನ್ನೂ ಒಳ್ಳೆಯ ಮಾಲು ಇಡಬಹುದು. ಅವನಿಗೆ ಮಾಲೇ ಸಿಗದಂತೆ ಮಾಡಿದರೆ ಯಾವ ಗುಣದಿಂದ ಉತ್ತರ ಕೊಡಬೇಕು?

ಇದು ನಮ್ಮ ಬೀದಿಯೊಂದರ ಕಥೆಯೂ ಅಲ್ಲ. ಇಂಗ್ಲೆಂಡಿನಲ್ಲಿ 2008ರಲ್ಲಿ ಸ್ಪರ್ಧಾ ಆಯೋಗ ಸೂಪರ್ ಮಾರ್ಕೆಟ್‌ಗಳ ವಿಚಾರಣೆ ನಡೆಸಿ, ದೊಡ್ಡ ಕಂಪನಿಗಳು ಜಾಗ ಮಾರುವಾಗ, ಬಾಡಿಗೆಗೆ ಹಿಡಿಯುವಾಗ, ಇಲ್ಲಿ ಎದುರಾಳಿ ದಿನಸಿ ಅಂಗಡಿ ಬರಕೂಡದೆಂದು ಪತ್ರದಲ್ಲಿ ಬರೆಸಿಕೊಳ್ಳುತ್ತಿದ್ದುದನ್ನು ಹೊರಗೆಳೆಯಿತು. 2010ರ ಆಜ್ಞೆ ಅಂಥ ಷರತ್ತುಗಳಿಗೆ ಕಡಿವಾಣ ಹಾಕಿತು. ಆದರೂ 2020ರಲ್ಲಿ ಟೆಸ್ಕೊ ಕಂಪನಿಯೊಂದೇ 23 ಸಲ ಆ ಆಜ್ಞೆಯನ್ನು ಮೀರಿದ್ದುದು ಬಯಲಾಯಿತು. ಹರಿಹರದ ಒಂದು ಕಟ್ಟಡದ ಬಾಡಿಗೆಪತ್ರದಲ್ಲಿದ್ದ ಸಾಲೇ ಅಲ್ಲಿಯೂ ಇತ್ತು. ಮನುಷ್ಯನ ಭಯಕ್ಕೆ ಭಾಷೆ ಹಲವು, ಒಕ್ಕಣೆ ಒಂದೇ.

ನಮ್ಮಲ್ಲೂ ಕಾನೂನಿದೆ. 2002ರ ಸ್ಪರ್ಧಾ ಕಾಯ್ದೆ, ಪೇಟೆಯಲ್ಲಿ ಪ್ರಾಬಲ್ಯವುಳ್ಳವನು ಇತರರಿಗೆ ಪ್ರವೇಶವನ್ನು ತಪ್ಪಿಸುವುದನ್ನೂ, ಎದುರಾಳಿಯನ್ನು ಮುಳುಗಿಸಲು ಅಸಲಿಗಿಂತ ಕೆಳಗೆ ಮಾರುವುದನ್ನೂ ನಿಷೇಧಿಸುತ್ತದೆ. ಆದರೆ ಆಯೋಗವಿರುವುದು ದೆಹಲಿಯಲ್ಲಿ, ಸಕ್ಕರೆ ಇಳಿದದ್ದು ಹರಿಹರದಲ್ಲಿ. ಒಂದು ಬೀದಿಯೊಳಗಿನ ಪ್ರಾಬಲ್ಯವನ್ನು ಅಳೆಯುವವರು ಯಾರು? ಅಲ್ಲದೆ, ಅಗ್ಗದ ಸಕ್ಕರೆಗೆ ಹಣೆಬರಹವಿರುವುದಿಲ್ಲ. ಔದಾರ್ಯದಿಂದ ಇಳಿಸಿದ್ದೂ ಹೊಂಚಿನಿಂದ ಇಳಿಸಿದ್ದೂ ಚಹದಲ್ಲಿ ಒಂದೇ ಸಿಹಿ. ಇಲ್ಲಿ ಕಾನೂನು ಮುಗಿಯುವ ಕಡೆಯಿಂದ ನೀತಿಯ ಪ್ರಶ್ನೆ ಮೊದಲಾಗುತ್ತದೆ.

ಈ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದೇ ಇಲ್ಲ. 2012ರಲ್ಲಿ ವಿದೇಶಿ ಬಂಡವಾಳದ ದೊಡ್ಡ ಅಂಗಡಿಗಳಿಗೆ ನೂರಕ್ಕೆ 51ರವರೆಗೆ ಪಾಲು ಇರಬಹುದೆಂದು ಕೇಂದ್ರ ಸರಕಾರ ಒಪ್ಪಿದಾಗ ದೇಶದ ತುಂಬ ಗದ್ದಲವಾಯಿತು. ಹತ್ತು ಲಕ್ಷ ಮೀರಿದ ನಗರಗಳಿಗೆಂದು ಮಾಡಿದ ನಿಯಮವದು. 2011ರ ಜನಗಣತಿಯಲ್ಲಿ ನಾಲ್ಕೂಕಾಲು ಲಕ್ಷವನ್ನು ತುಸು ದಾಟಿದ್ದ ದಾವಣಗೆರೆಗೆ ಅದು ತಾಗುವಂತೆ ಇರಲಿಲ್ಲ. ಹಾಗಿದ್ದೂ ಇಲ್ಲಿಯ ಕಟ್ಟೆಗಳ ಮೇಲೆ ಬಿಸಿಬಿಸಿ ಚರ್ಚೆ ನಡೆಯಿತು. ಆ ಜಗಳದಲ್ಲಿ ಎರಡೇ ಪಾತ್ರ: ದೊಡ್ಡವನು ಮತ್ತು ಹಳಬ. ಕೆಲವರು ದೊಡ್ಡವನ ಅಗ್ಗವನ್ನು ಹೊಗಳಿದರು, ಕೆಲವರು ಹಳಬನ ಕಷ್ಟಕ್ಕೆ ಮರುಗಿದರು. ಮೂರನೆಯವನೊಬ್ಬನಿದ್ದ. ಇನ್ನೂ ಅಂಗಡಿಯನ್ನೇ ತೆರೆಯದ, ತೆರೆಯಬೇಕೆಂದಿರುವ ಹೊಸಬ. ಅವನ ಹೆಸರು ಯಾವ ಸಂಘದ ಪಟ್ಟಿಯಲ್ಲೂ ಇರುವುದಿಲ್ಲವಾದ್ದರಿಂದ ಅವನ ಪರವಾಗಿ ಯಾರೂ ಬಾವುಟ ಹಿಡಿಯುವುದಿಲ್ಲ.

“ನಮಗೇನು, ಅಗ್ಗವಾಗಿ ಸಿಕ್ಕರೆ ಸಾಲದೆ?” ಎಂಬ ಮಾತಿಗೂ ಉತ್ತರ ಹೇಳಬೇಕು. ದಿನಗೂಲಿಯವನಿಗೆ ನಾಲ್ಕು ರೂಪಾಯಿ ಸಣ್ಣದಲ್ಲ. ಅವನಿಗೆ ಧರ್ಮೋಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೆ ಆ ನಾಲ್ಕು ರೂಪಾಯಿ ದಾನವಲ್ಲ, ಸಾಲ. ಎದುರಂಗಡಿ ಮುಚ್ಚಿದ ಮೇಲೆ ವಸೂಲಿಯಾಗುತ್ತದೆ. ಇದು ಲಾಭನಷ್ಟದ ಉತ್ತರ. ಇನ್ನೊಂದು ಉತ್ತರ ನನಗೆ ಹೆಚ್ಚು ಮುಖ್ಯವೆಂದು ತೋರುತ್ತದೆ. ಬೆಲೆ ಎಂದೆಂದಿಗೂ ಏರದೆ ಉಳಿದರೂ ಆ ಹುಡುಗನಿಗಾದದ್ದು ಸರಿಯಾಗುವುದಿಲ್ಲ. ಯಾವ ಹೊಸಬನಿಗೂ ಗಿರಾಕಿಗಳು ಬಂದೇ ಬರಬೇಕೆಂಬ ಹಕ್ಕಿಲ್ಲ. ಗಿರಾಕಿಯ ಕೈಯಿಂದಲೇ ಸೋಲುವ ಹಕ್ಕು ಮಾತ್ರ ಇದೆ. ಒಬ್ಬನ ದುಡಿಮೆ ನಾಲ್ಕು ಜನರ ಕಣ್ಣಿಗೆ ಬಿದ್ದು, ತೂಗಿ, ಬೇಡವಾಯಿತೆಂದರೆ ಅವನಿಗೆ ಒಂದು ಪಾಠವಾದರೂ ಸಿಗುತ್ತದೆ. ತೂಗುವ ಮೊದಲೇ ತಕ್ಕಡಿಯಿಂದ ಇಳಿಸಿದರೆ ಅವನಿಗೆ ಸಿಗುವುದು ಕಹಿಯೊಂದೇ. ಕಾಯಕವನ್ನು ದೊಡ್ಡದೆಂದು ಕೊಂಡಾಡುವ ನಾಡು ನಮ್ಮದು. ಕಾಯಕ ಮಾಡಲು ನಿಂತವನಿಗೆ ಜಾಗ ಬಿಡುವುದೂ ಆ ಮಾತಿನೊಳಗೆ ಸೇರಿರಬೇಕಲ್ಲವೆ?

ಗೋಡೆ ದಾಟಿದವರೂ ಇಲ್ಲದಿಲ್ಲ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಾವು ದಾವಣಗೆರೆಯನ್ನು ಕರೆದುಕೊಂಡೆವು. ನಿಜವಾದ ಮ್ಯಾಂಚೆಸ್ಟರಿನ ಪಕ್ಕದಲ್ಲಿ ರಾಕ್‌ಡೇಲ್ ಎಂಬ ನೇಕಾರರ ಊರಿದೆ. 1844ರಲ್ಲಿ ಅಲ್ಲಿಯ 28 ಜನ ತಲೆಗೊಂದು ಪೌಂಡಿನಂತೆ ಕೂಡಿಸಿ, ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದ ಬತ್ತಿ ಇಷ್ಟನ್ನಿಟ್ಟುಕೊಂಡು ಅಂಗಡಿ ತೆರೆದರು. ಗಿರಾಕಿಗಳೇ ಯಜಮಾನರಾದ್ದರಿಂದ ಅವರನ್ನು ಕದಲಿಸುವುದು ಕಷ್ಟವಾಯಿತು. ನಮ್ಮಲ್ಲಿಯೂ ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿಯೇ ರೈತರು ಸಾಲದ ಗೋಡೆಯನ್ನು ಸಹಕಾರದಿಂದ ದಾಟಿದರು. ಅನಂತರ ಊರೂರಿಗೆ ಜನತಾ ಬಜಾರುಗಳು ಬಂದವು. ಕೆಲವು ಬಾಳಿದವು, ಹಲವು ಸೊರಗಿದವು. ಬಾಗಿಲು ತೆರೆದಿದ್ದರೆ ಸಾಲದು, ಒಳಗೆ ಒಬ್ಬ ದಕ್ಷನಿರಬೇಕು ಎಂಬುದು ಆ ಸೊರಗಿದವುಗಳ ಪಾಠ. ಹೊಸಬನ ಪರವಾಗಿ ಮಾತಾಡುವವರು ಇದನ್ನೂ ಮರೆಯಬಾರದು.

ಬಸ್ ನಿಲ್ದಾಣದಲ್ಲಿ ಆ ಹುಡುಗ ಇದೆಲ್ಲ ಹೇಳುತ್ತಿದ್ದಾಗ ನನ್ನ ಕೈಯಲ್ಲೊಂದು ಚೀಲವಿತ್ತು. ಮಗಳ ಮನೆಗೆಂದು ದೊಡ್ಡ ಅಂಗಡಿಯಿಂದ ತಂದ ಸಾಮಾನು. ಚೀಲದ ಮೇಲೆ ಅಂಗಡಿಯ ಹೆಸರು. ಅವನು ಅದನ್ನು ನೋಡಿದ, ಏನೂ ಅನ್ನಲಿಲ್ಲ. ಹದಿನಾಲ್ಕು ತಿಂಗಳಲ್ಲಿ ನಾನು ಅವನ ಅಂಗಡಿಗೆ ಹೋದದ್ದು ಎರಡು ಸಲ. ಅಗ್ಗದ ಸಕ್ಕರೆಗಾಗಿ ಆ ಕಡೆಗೆ ಹೋದದ್ದನ್ನು ನಾನು ಎಣಿಸಿಲ್ಲ. ಅವನ ಬಸ್ಸು ಬಂತು. “ಬರ್ತೀನಿ ಕಾಕಾ” ಎಂದು ಹತ್ತಿಕೊಂಡ.

ನಮ್ಮ ತಂದೆಯವರು ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಅಂಗಡಿ ಆಗಲೇ ಕೈಬಿಟ್ಟಿತ್ತು. ಒಂದು ಸಂಜೆ ಚಹಕ್ಕೆ ಬೆಲ್ಲ ಹಾಕಿ ಕೊಟ್ಟಾಗ, ಒಂದು ಗುಟುಕು ಕುಡಿದು, ಲೋಟವನ್ನು ಹಾಗೆಯೇ ಹಿಡಿದುಕೊಂಡು, ಯಾವ ಸಂದರ್ಭವೂ ಇಲ್ಲದೆ ಅವರು ಹೇಳಿದರು:

“ಆ ಎದುರಂಗಡಿ ಹುಡುಗನ ಬೆಲ್ಲ ನಮ್ಮದಕ್ಕಿಂತ ಚಲೋ ಇತ್ತು ಕಣಪ್ಪಾ.”

ನನಗದು ಗೊತ್ತಿತ್ತು. ಅಂದು ರಸ್ತೆ ದಾಟುವಾಗಲೇ ನಾನು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಿದ್ದೆ.